ಬೆಳಗಿನ ಜಾವದ ಕುರುಕ್ಷೇತ್ರ

ರಾಗಿಯ ಕಣ ಮುಗಿದು, ಹುಲ್ಲು ಬಣವೆಗೇರಿ, ಸಂಕ್ರಾಂತಿ ಕಳೆಯಿತೆಂದರೆ ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಧೂಳು ಕೊಡವುವ ಕಾಲ ಬಂದಿತೆಂದೇ ಅರ್ಥ. ಕೊತ್ತಗೆರೆಯ ಸುತ್ತಿನಲ್ಲಿ ಹಗಲೆಲ್ಲ ತೆಂಗಿನ ಪಾತಿಗೆ ನೀರು ಕಟ್ಟಿದವನು, ಅಂಗಡಿಯಲ್ಲಿ ಕುಳಿತವನು, ಶಾಲೆಯಲ್ಲಿ ಪಾಠ ಹೇಳಿದವನು ರಾತ್ರಿ ಊಟ ಮುಗಿಸಿ ಗುಡಿಯ ಜಗುಲಿಗೆ ಬಂದು ನಾಟಕದ ಮೇಷ್ಟರೆದುರು ಕೈಕಟ್ಟಿ ನಿಲ್ಲುತ್ತಾನೆ. ಒಬ್ಬ ಭೀಮ, ಒಬ್ಬ ಕರ್ಣ, ಒಬ್ಬ ಶಕುನಿ. ಎರಡು ಮೂರು ತಿಂಗಳ ತಾಲೀಮಾದ ಮೇಲೆ, ಯುಗಾದಿಯ ಹಿಂದೆಯೋ ಮುಂದೆಯೋ, ಊರಹಬ್ಬದ ಅಥವಾ ಜಾತ್ರೆಯ ಒಂದು ರಾತ್ರಿ ಕುರುಕ್ಷೇತ್ರ ನಡೆಯುತ್ತದೆ. ಮುಂಗಾರು ಬೀಳುವ ತನಕ ನಮ್ಮ ಜಿಲ್ಲೆಯ ನಾಟಕದ ಋತುವೆಂದರೆ ಇದೇ.

ಪಟ್ಟಣದ ರಸಿಕರಿಗೆ ಇದು ರುಚಿಸುವುದಿಲ್ಲ. ರಾತ್ರಿಯೆಲ್ಲ ಧ್ವನಿವರ್ಧಕದ ಅಬ್ಬರ, ಬಾಡಿಗೆಯ ಸೀನರಿ, ಮಿರುಗುವ ಕಿರೀಟ, ಒಂದೇ ಹಾಡಿಗೆ ಮೂರು ಬಾರಿ ‘ಒನ್ಸ್ ಮೋರ್’, ನಡುನಡುವೆ ನೋಟಿನ ಹಾರ. ಇದನ್ನು ಕಲೆಯೆನ್ನಬಹುದೇ ಎಂದು ಅವರು ಕೇಳುತ್ತಾರೆ. ಅದಕ್ಕಿಂತ ತೀಕ್ಷ್ಣವಾದ ಆಕ್ಷೇಪಣೆ ಇನ್ನೊಂದುಂಟು. ಇಲ್ಲಿ ನಟನಿಗೆ ಸಂಭಾವನೆಯಿಲ್ಲ; ನಟನೇ ಹಣ ತೆತ್ತು ಪಾತ್ರವನ್ನು ಪಡೆಯುತ್ತಾನೆ. ದುರ್ಯೋಧನನಿಗೆ ಒಂದು ದರ, ಕೃಷ್ಣನಿಗೆ ಒಂದು, ವಿದುರನಿಗೆ ಅದಕ್ಕೂ ಕಡಿಮೆ. ಹಣವಿದ್ದವನು ಅರಸನಾಗುವ ಈ ಪದ್ಧತಿಯಲ್ಲಿ ಅಭಿನಯಕ್ಕೆ ಎಡೆಯೆಲ್ಲಿ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ತೀರ್ಪು ಕೊಡುವ ಮುನ್ನ ಈ ನಾಟಕ ಹಳ್ಳಿಯ ಕೈಗೆ ಹೇಗೆ ಬಂದಿತೆಂಬುದನ್ನು ನೆನೆಯಬೇಕು.

ಕುಣಿಗಲ್ಲಿನ ನೆರೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಆಗಲೂ ಅದು ಊರವರೇ ಕೂಡಿ ಕಟ್ಟಿದ ಮೇಳ. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ಕನ್ನಡನಾಡಿನ ಮನೆಮಾತಾಯಿತು. ‘ಸದಾರಮೆ’ಯ ಕಳ್ಳನಾಗಿ ನಾಡನ್ನು ನಗಿಸಿದ ವೀರಣ್ಣನವರೇ ೧೯೩೪ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ರಂಗಕ್ಕೆ ತಂದರು. ಆನೆ ಕುದುರೆಗಳೇ ರಂಗದ ಮೇಲೆ ನಡೆದು ಬಂದ ಆ ವೈಭವವನ್ನು ಕಂಡವರು ಮಕ್ಕಳಿಗೆ ಹೇಳಿದರು, ಮಕ್ಕಳು ಮೊಮ್ಮಕ್ಕಳಿಗೆ ಹೇಳಿದರು. ಆಮೇಲೆ ಸಿನಿಮಾ ಬಂದಿತು. ಕಂಪನಿಯ ನಟರನೇಕರು ಅತ್ತ ಹೊರಳಿದರು. ೧೯೫೪ರ ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕ ರಾಜಕುಮಾರರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ. ೧೯೭೨ರಲ್ಲಿ ವೀರಣ್ಣನವರು ತೀರಿಕೊಂಡರು. ವೃತ್ತಿನಾಟಕದ ಡೇರೆಗಳು ಈ ಭಾಗದಿಂದ ಒಂದೊಂದಾಗಿ ಮರೆಯಾದುವು. ಆದರೆ ಕಂಪನಿಯ ಮಟ್ಟು, ಕಂಪನಿಯ ಮಾತು, ಕಂಪನಿಯ ಕಿರೀಟ ಇವು ಮರೆಯಾಗಲಿಲ್ಲ. ಹಳ್ಳಿ ಅವನ್ನು ಎತ್ತಿಕೊಂಡಿತು. ಕಂಪನಿಯವನು ನಾಟಕದಿಂದ ಹೊಟ್ಟೆ ಹೊರೆದನು. ಹಳ್ಳಿಯವನು ಹೊಟ್ಟೆಗಿದ್ದುದರಲ್ಲಿ ಒಂದು ಪಾಲು ತೆಗೆದು ನಾಟಕವನ್ನು ಸಾಕಿದನು. ಪಾತ್ರಕ್ಕೆ ತೆರುವ ಹಣವನ್ನು ಬರಿಯ ಹೆಮ್ಮೆಯೆಂದು ಕರೆಯುವವರು ಈ ಮಗ್ಗುಲನ್ನೂ ನೋಡಬೇಕು.

ಈ ಸಾಕಣೆಯಿಂದ ನಾಡಿಗಾದ ಲಾಭ ಅಲ್ಪವಲ್ಲ. ರನ್ನನ ಗದಾಯುದ್ಧವನ್ನು ಓದಿ ಸವಿಯುವವರು ಎಷ್ಟು ಜನ? ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಆ ಕಾವ್ಯದಿಂದಲೇ ನಾಟಕವೊಂದನ್ನು ರೂಪಿಸಿದರು; ಅದು ಕಾಲೇಜಿನ ಪಾಠಕ್ಕೆ ಸಂದಷ್ಟು ಊರಿನ ರಂಗಕ್ಕೆ ಸಲ್ಲಲಿಲ್ಲ. ಆದರೆ ಸೋತೂ ಬಾಗದ ದುರ್ಯೋಧನನನ್ನು, ಮಾತಿಗೆ ಸಿಕ್ಕಿ ಸಾಯುವ ಕರ್ಣನನ್ನು, ಗಂಗಾತೀರದಲ್ಲಿ ಮಗನೆದುರು ನಿಂತ ಕುಂತಿಯನ್ನು ಓದುಬರಹವಿಲ್ಲದ ಮುದುಕನೂ ಬಲ್ಲನಾದರೆ ಅದು ಗಮಕಿಯ ವಾಚನದಿಂದ ಮತ್ತು ಈ ನಾಟಕದಿಂದ. ಮನೆಯಲ್ಲಿ ಆಡದ ಗ್ರಂಥದ ಕನ್ನಡ ತಾಲೀಮಿನ ಜಗುಲಿಯಲ್ಲಿ ರೈತನ ನಾಲಗೆಗೆ ಹತ್ತುತ್ತದೆ. ಪಂಡಿತರು ಸಭೆ ಕೂಡಿ ಮಾಡಲಾಗದ ಕೆಲಸವನ್ನು ಹಾರ್ಮೋನಿಯಂ ಮೇಷ್ಟರೊಬ್ಬರು ಒಂದು ಲಾಟೀನಿನ ಬೆಳಕಿನಲ್ಲಿ, ಈಗ ಒಂದು ವಿದ್ಯುದ್ದೀಪದ ಬೆಳಕಿನಲ್ಲಿ, ಮಾಡಿ ಮುಗಿಸಿದ್ದಾರೆ.

ಹೀಗೆ ಹೊಗಳಿದ ಬಳಿಕ ದೋಷವನ್ನು ಹೇಳುವ ಹೊಣೆಯೂ ನಮ್ಮದೇ. ನಮ್ಮ ದೃಷ್ಟಿಯಲ್ಲಿ ದೋಷವಿರುವುದು ಅಬ್ಬರದಲ್ಲಲ್ಲ, ಕಿರೀಟದಲ್ಲಲ್ಲ, ಕಾಲದ ಹಂಚಿಕೆಯಲ್ಲಿ. ನಾಟಕ ಆರಂಭವಾಗುವುದೇ ತಡವಾಗಿ. ಗಣ್ಯರ ಸನ್ಮಾನ, ಭಾಷಣ, ದಾನಿಗಳ ಹೆಸರು ಇವೆಲ್ಲ ಮುಗಿಯುವಾಗ ಹತ್ತು ಹೊಡೆದಿರುತ್ತದೆ. ಶಯನಗೃಹದಲ್ಲಿ ಮಲಗಿದ ಕೃಷ್ಣನ ಬಳಿಗೆ ದುರ್ಯೋಧನಾರ್ಜುನರು ನೆರವು ಬೇಡಿ ಬರುವ ದೃಶ್ಯಕ್ಕೆ ಒಂದು ಗಂಟೆ, ಸಂಧಾನದ ಸಭೆಗೆ ಎರಡು ಗಂಟೆ. ಹಣ ತೆತ್ತ ಪ್ರತಿಯೊಬ್ಬನಿಗೂ ತನ್ನ ಹಾಡುಗಳನ್ನೆಲ್ಲ ಹಾಡುವ ಹಕ್ಕಿದೆ. ಅವನ ನೆಂಟರಿಗೆ ‘ಒನ್ಸ್ ಮೋರ್’ ಕೂಗುವ ಹಕ್ಕಿದೆ. ಯುದ್ಧ ಆರಂಭವಾಗುವಷ್ಟರಲ್ಲಿ ಕೋಳಿ ಕೂಗಿರುತ್ತದೆ. ಅಭಿಮನ್ಯು ಅವಸರದಲ್ಲಿ ಬೀಳುತ್ತಾನೆ, ಕರ್ಣ ಇನ್ನೂ ಅವಸರದಲ್ಲಿ. ವೈಶಂಪಾಯನ ಸರೋವರದಿಂದ ದುರ್ಯೋಧನ ಮೇಲೆದ್ದಾಗ ಬೆಳಕು ಹರಿದು, ಜನ ಚಾಪೆ ಸುತ್ತಿಕೊಂಡು ದನದ ಕೊಟ್ಟಿಗೆಯ ಕಡೆಗೆ ನಡೆದಿರುತ್ತಾರೆ. ಗದಾಯುದ್ಧವನ್ನು ಖಾಲಿ ಬಯಲು ನೋಡುತ್ತದೆ.

ಇದನ್ನು ಸಣ್ಣ ಸಂಗತಿಯೆಂದು ತಿಳಿಯಬಾರದು. ಭಾರತದ ಕಥೆಯ ತಿರುಳಿರುವುದು ಅದರ ಕೊನೆಯಲ್ಲಿ. ಸಂಧಾನದ ಸಭೆಯಲ್ಲಿ ತೊಡೆ ತಟ್ಟಿದ ಸದ್ದನ್ನು ಕೇಳಿದವರು ಆ ತೊಡೆ ಮುರಿದ ಸದ್ದನ್ನೂ ಕೇಳಿಯೇ ಮನೆಗೆ ಹೋಗಬೇಕು. ಭಾಸನ ‘ಊರುಭಂಗ’ದಲ್ಲಿ ಬಾಲಕ ದುರ್ಜಯ ಬಂದು ಎಂದಿನಂತೆ ತಂದೆಯ ತೊಡೆಯೇರಿ ಕೂರಲು ಹೋಗುತ್ತಾನೆ, ತೊಡೆಗಳು ಮುರಿದು ಬಿದ್ದಿರುವ ದುರ್ಯೋಧನ ಮಗನನ್ನು ತಡೆಯಬೇಕಾಗುತ್ತದೆ. ಆ ಒಂದು ಗಳಿಗೆಯಲ್ಲಿ ಹದಿನೆಂಟು ದಿನದ ಯುದ್ಧದ ಲೆಕ್ಕವೆಲ್ಲ ಚುಕ್ತಾ ಆಗುತ್ತದೆ. ಸಂಸ್ಕೃತದ ಆ ಕವಿ ಬಲ್ಲುದನ್ನು ರನ್ನನೂ ಬಲ್ಲನು, ಕಂಪನಿಯವರೂ ಬಲ್ಲರು. ಕೊನೆಯಿಲ್ಲದ ಕುರುಕ್ಷೇತ್ರದಲ್ಲಿ ಉಳಿಯುವುದು ಪಂಥದ ಮಾತು, ಮೀಸೆಯ ಹುರಿ, ದಾಯಾದಿಯನ್ನು ಹೀಯಾಳಿಸುವ ಹಾಡು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುವ ನಾಡಿನಲ್ಲಿ ಪಂಥವನ್ನು ಕಲಿಸಲು ನಾಟಕ ಬೇಕಿಲ್ಲ. ಪಂಥದ ಫಲವನ್ನು ತೋರಿಸಲು ಬೇಕು.

ಇನ್ನೊಂದು ಕೊರತೆ ಸ್ತ್ರೀಪಾತ್ರಗಳದು. ಗಂಡಸರು ಹಣ ತೆತ್ತು ಆಡುವ ಈ ರಂಗದಲ್ಲಿ ದ್ರೌಪದಿ, ಕುಂತಿ, ಉತ್ತರೆಯರು ಮಾತ್ರ ಹಣ ಪಡೆದು ಬರುವ ವೃತ್ತಿನಟಿಯರು. ಎಷ್ಟೋ ಸಲ ಅವರು ಊರಿಗೆ ಬರುವುದು ನಾಟಕದ ದಿನವೇ. ಇಡೀ ಮೇಳದಲ್ಲಿ ನಾಟಕವನ್ನು ಚೆನ್ನಾಗಿ ಬಲ್ಲವರು ಅವರೇ ಆಗಿದ್ದರೂ ತಾಲೀಮಿನಲ್ಲಿ ಅವರಿಲ್ಲ. ಮೂರು ತಿಂಗಳು ಗಾಳಿಯೊಡನೆ ಮಾತನಾಡಿ ಕಲಿತ ಕರ್ಣ, ಮುಖವನ್ನೇ ಕಂಡರಿಯದ ಕುಂತಿಯೊಡನೆ ಆ ರಾತ್ರಿ ಅಳಬೇಕು. ಬಿ. ಜಯಮ್ಮನಂಥ ಕಲಾವಿದೆಯರು ಗುಬ್ಬಿ ಕಂಪನಿಯಲ್ಲಿ ಬೆಳಗಿದುದು ಮೇಳದ ಒಳಗಿನವರಾಗಿ ಬಾಳಿದುದರಿಂದ ಎಂಬುದನ್ನು ಮರೆಯಬಾರದು.

ಪರಿಹಾರ ಕಷ್ಟದ್ದಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ. ಖರ್ಚನ್ನು ಎಲ್ಲರೂ ಸಮನಾಗಿ ಹಂಚಿಕೊಂಡು, ಕಂಠವನ್ನೂ ನಿಲುವನ್ನೂ ನೋಡಿ ಪಾತ್ರ ಕೊಡುವ ಅಧಿಕಾರವನ್ನು ಮೇಷ್ಟರಿಗೆ ಬಿಡಲಿ. ಸನ್ಮಾನಗಳನ್ನು ಬೆಳಗಿನ ಪೂಜೆಯ ಹೊತ್ತಿಗೆ ಇಟ್ಟುಕೊಂಡು ನಾಟಕವನ್ನು ದೀಪ ಹಚ್ಚುವ ಹೊತ್ತಿಗೇ ಆರಂಭಿಸಲಿ. ನಟಿಯರನ್ನು ನಾಲ್ಕು ದಿನ ಮುಂಚೆ ಕರೆಸಿ, ಆ ನಾಲ್ಕು ದಿನದ ಸಂಭಾವನೆಯನ್ನೂ ಮರ್ಯಾದೆಯಿಂದ ಕೊಡಲಿ. ‘ಒನ್ಸ್ ಮೋರ್’ ಬೇಡವೆಂದರೆ ಜನ ಮುನಿಯುತ್ತಾರೆಂಬುದನ್ನು ನಾವು ಬಲ್ಲೆವು; ಒಬ್ಬನಿಗೆ ಒಂದೇ ಸಲವೆಂದು ಮೇಳದವರೇ ಕಟ್ಟು ಮಾಡಿಕೊಂಡರೆ ಸಾಕು. ಇಷ್ಟಾದರೆ ನಡುರಾತ್ರಿ ದಾಟುವ ಮುನ್ನವೇ ಸೈನ್ಯಗಳು ಕುರುಕ್ಷೇತ್ರವನ್ನು ಸೇರಿರುತ್ತವೆ.

ನಮ್ಮ ಬಾಲ್ಯದಲ್ಲಿ ಮನೆಯ ಅಜ್ಜಿಯೊಬ್ಬರಿದ್ದರು. ಎಲ್ಲರೂ ಎದ್ದು ಹೋದ ಮೇಲೂ ಕಂಬಳಿ ಹೊದ್ದು ಬಯಲಿನಲ್ಲಿ ಕುಳಿತೇ ಇರುತ್ತಿದ್ದರು. “ಮನೆಗೆ ನಡಿ ಅಜ್ಜಿ, ಆಯ್ತಲ್ಲ” ಎಂದು ಕರೆದರೆ, “ಸತ್ತೋನನ್ನ ನೋಡ್ದೆ ಸಾವಿನ ಮನೆಯಿಂದ ಎದ್ದು ಬರ್ತಾರೇನೋ ಮಗ?” ಎನ್ನುತ್ತಿದ್ದರು. ಪುರಾಣದ ನಾಟಕವನ್ನು ಹೇಗೆ ನೋಡಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಶಾಸ್ತ್ರವನ್ನು ನಾವು ಓದಿಲ್ಲ. ಬರುವ ಬೇಸಿಗೆಯಲ್ಲಿ ಕೊತ್ತಗೆರೆಯ ಸುತ್ತಿನ ಯಾವುದಾದರೊಂದು ಊರು, ಜನ ಇನ್ನೂ ಎಚ್ಚರವಾಗಿರುವಾಗಲೇ ದುರ್ಯೋಧನನನ್ನು ಸಾಯಲು ಬಿಟ್ಟರೆ, ಆ ಊರಿನ ನಾಟಕವನ್ನು ನೋಡಲು ನಾವೂ ಚಾಪೆ ಹಿಡಿದು ಬರುತ್ತೇವೆ.