ಕ್ಷ-ಕಿರಣದ ಲೈಸನ್ಸು: ಪಡೆಯುವುದೂ ಉಳಿಸಿಕೊಳ್ಳುವುದೂ

ಮೂಳೆ ಮುರಿದವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ದೂರದ ಪಟ್ಟಣಕ್ಕೆ ಒಯ್ಯುತ್ತಿದ್ದ ಕಾಲವನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ಆ ಕಾಲವು ಕಳೆಯಿತು. ತುಮಕೂರು ನಗರದಲ್ಲಿ ಇಂದು ಜಿಲ್ಲಾ ಆಸ್ಪತ್ರೆಯುಂಟು, ವೈದ್ಯಕೀಯ ಕಾಲೇಜುಗಳುಂಟು, ಖಾಸಗಿ ಪರೀಕ್ಷಾಲಯಗಳೂ ದಂತವೈದ್ಯರ ಶಾಲೆಗಳೂ ಉಂಟು. ನಾಟಕದ ಕೀರ್ತಿಯ ಗುಬ್ಬಿಯಲ್ಲಿಯೂ, ಕೆರೆಗೂ ಕುದುರೆಗಳಿಗೂ ಹೆಸರಾದ ಕುಣಿಗಲಿನಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯು ಕುಣಿಗಲನ್ನು ಸೋಕಿಕೊಂಡೇ ಹಾಯುತ್ತದೆ. ಅಲ್ಲಿ ಅಪಘಾತದಲ್ಲಿ ಬಿದ್ದವನಿಗೆ ಮೊದಲು ಬೇಕಾಗುವುದು ಕ್ಷ-ಕಿರಣದ ಚಿತ್ರ. ಇಂತಹ ಸೌಕರ್ಯವು ಹಳ್ಳಿಗರ ಕೈಗೆಟಕುವಂತಾದುದು ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಸೌಕರ್ಯದ ಬೆನ್ನಿಗೆ ಒಂದು ಹೊಣೆಯೂ ಬಂದಿದೆ. ಆ ಹೊಣೆಯ ಕಡೆಗೆ ಮಹಾಜನರ ಮತ್ತು ಅಧಿಕಾರಿವರ್ಗದವರ ಲಕ್ಷ್ಯವನ್ನು ಸೆಳೆಯಬೇಕೆಂದು ಇಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಜರ್ಮನಿಯ ವುರ್ತ್ಸ್‌ಬುರ್ಗ್ ನಗರದಲ್ಲಿ ರಾಂಟ್‌ಗನ್ ಪಂಡಿತನು ೧೮೯೫ನೆಯ ಇಸವಿ ನವೆಂಬರ್ ೮ರಂದು ಈ ಕಿರಣಗಳನ್ನು ಕಂಡುಹಿಡಿದನು. ತನ್ನ ಶೋಧದ ಮೇಲೆ ಅವನು ಪೇಟೆಂಟು ತೆಗೆದುಕೊಳ್ಳಲಿಲ್ಲ. ಲೋಕಕ್ಕೆಲ್ಲ ಧಾರಾಳವಾಗಿ ಬಿಟ್ಟುಕೊಟ್ಟನು. ಲೋಕವು ಅದನ್ನು ಸಂಭ್ರಮದಿಂದ ಸ್ವೀಕರಿಸಿತು. ಆದರೆ ಅದರ ಇನ್ನೊಂದು ಮುಖವನ್ನು ಅರಿಯಲಿಲ್ಲ. ಅಮೆರಿಕದ ಎಡಿಸನ್ ಮಹಾಶಯನ ಸಹಾಯಕನಾಗಿದ್ದ ಕ್ಲಾರೆನ್ಸ್ ಡ್ಯಾಲಿ ಎಂಬವನು ದಿನದಿನವೂ ಈ ಕಿರಣಗಳಿಗೆ ತನ್ನ ಕೈಗಳನ್ನೊಡ್ಡಿ ಕೆಲಸಮಾಡಿ, ಕಡೆಗೆ ಕೈಗಳನ್ನು ಕಳೆದುಕೊಂಡು ೧೯೦೪ರಲ್ಲಿ ಮೃತನಾದನು. ರೇಡಿಯಂ ಧಾತುವನ್ನು ಜಗತ್ತಿಗೆ ಕೊಟ್ಟ ಕ್ಯೂರಿ ದೇವಿಯು ೧೯೩೪ರಲ್ಲಿ ರಕ್ತದ ವ್ಯಾಧಿಯಿಂದ ತೀರಿಕೊಂಡಳು. ಹೀಗೆ ಪ್ರಾಣ ತೆತ್ತ ವೈದ್ಯರು, ವಿಜ್ಞಾನಿಗಳು, ದಾದಿಯರ ನೆನಪಿಗೆಂದು ಹ್ಯಾಂಬುರ್ಗ್ ನಗರದಲ್ಲಿ ೧೯೩೬ರಲ್ಲಿ ಒಂದು ಸ್ಮಾರಕವನ್ನೇ ನಿಲ್ಲಿಸಿದ್ದಾರೆ. ಇಂದು ನಾವು ಲೈಸನ್ಸು ಎಂದು ಕರೆಯುವ ಪತ್ರದಲ್ಲಿ ಬರೆದಿರುವ ಷರತ್ತುಗಳು ಯಾವನೋ ಗುಮಾಸ್ತೆಯು ಮೇಜಿನ ಮುಂದೆ ಕುಳಿತು ಕಲ್ಪಿಸಿದವುಗಳಲ್ಲ. ಇಂತಹವರ ದೇಹಗಳಿಂದ ಕಲಿತ ಪಾಠಗಳು. ಇದನ್ನು ಮೊದಲು ಮನಸ್ಸಿಗೆ ತಂದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ನಮ್ಮ ದೇಶದಲ್ಲಿ ಈ ವಿಷಯದ ಮೇಲ್ವಿಚಾರಣೆಗೆಂದು ೧೯೮೩ನೆಯ ಇಸವಿ ನವೆಂಬರ್ ೧೫ರಂದು ಅಣುಶಕ್ತಿ ನಿಯಂತ್ರಣ ಮಂಡಲಿಯು ಸ್ಥಾಪಿತವಾಯಿತು. ಅದರ ಮುಖ್ಯ ಕಚೇರಿಯು ಮುಂಬಯಿಯಲ್ಲಿದೆ. ೧೯೬೨ರ ಅಣುಶಕ್ತಿ ಶಾಸನದ ಮೇರೆಗೆ ೨೦೦೪ರಲ್ಲಿ ವಿಕಿರಣ ರಕ್ಷಣೆಯ ನಿಯಮಗಳು ಹೊರಟವು. ಕಿರಣದಿಂದ ಚಿಕಿತ್ಸೆ ಮಾಡುವ ಯಂತ್ರಕ್ಕೂ, ಸಿ.ಟಿ. ಯಂತ್ರಕ್ಕೂ ಲೈಸನ್ಸು ಬೇಕು. ಸಾಮಾನ್ಯ ಕ್ಷ-ಕಿರಣ ಯಂತ್ರಕ್ಕೂ ಹಲ್ಲಿನ ಚಿತ್ರ ತೆಗೆಯುವ ಯಂತ್ರಕ್ಕೂ ನೋಂದಣಿ ಸಾಕು. ಹೆಸರು ಬೇರೆಯಾದರೂ ತತ್ತ್ವವು ಒಂದೇ: ಅನುಮತಿಯಿಲ್ಲದೆ ಯಂತ್ರವನ್ನು ನಡೆಸಕೂಡದು. ನಮ್ಮ ಜನರು ‘ಸ್ಕ್ಯಾನಿಂಗ್’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಸೇರಿಸಿಬಿಡುತ್ತಾರೆ. ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಇರುವುದು ಧ್ವನಿಯ ತರಂಗ. ಅದರ ಕಟ್ಟಳೆಗಳು ೧೯೯೪ರ ಬೇರೊಂದು ಶಾಸನಕ್ಕೆ ಸೇರಿದವು. ಎಂ.ಆರ್.ಐ. ಯಂತ್ರದಲ್ಲಿ ಇರುವುದು ಅಯಸ್ಕಾಂತದ ಶಕ್ತಿ. ಇವೆರಡರಲ್ಲಿಯೂ ಕ್ಷ-ಕಿರಣವಿಲ್ಲ. ನಮ್ಮ ಮಾತು ಕ್ಷ-ಕಿರಣವನ್ನು ಕುರಿತದ್ದು.

ಅನುಮತಿಯನ್ನು ಪಡೆಯಲು ಬೇಕಾದುವೇನು? ಮಂಡಲಿಯು ಒಪ್ಪಿದ ಮಾದರಿಯ ಯಂತ್ರವಿರಬೇಕು. ಕಿರಣವನ್ನು ತಡೆಯುವಷ್ಟು ದಪ್ಪವಾದ ಗೋಡೆಗಳೂ ಸೀಸದ ಹಲಗೆಯುಳ್ಳ ಬಾಗಿಲೂ ಇರುವ ಕೋಣೆಯಿರಬೇಕು. ತರಬೇತು ಪಡೆದ ನಿರ್ವಾಹಕನೂ, ವಿಕಿರಣ ಸುರಕ್ಷತಾಧಿಕಾರಿಯೆಂದು ನೇಮಕವಾದ ಒಬ್ಬನೂ ಇರಬೇಕು. ಸೀಸದ ಮೇಲಂಗಿಗಳಿರಬೇಕು. ಕೆಲಸಗಾರನು ಎದೆಯ ಮೇಲೆ, ಮೇಲಂಗಿಯ ಒಳಗೆ, ಟಿ.ಎಲ್.ಡಿ. ಎಂಬ ಬಿಲ್ಲೆಯನ್ನು ಧರಿಸಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಶಾಲೆಗೆ ಕಳುಹಿಸಿ ಅವನ ಮೈಗೆ ತಗಲಿದ ಕಿರಣವೆಷ್ಟೆಂಬುದನ್ನು ತಿಳಿಯಬೇಕು. ಕೆಲಸಗಾರನಿಗೆ ೫ ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲಿಯೂ ೩೦ ಮಿಲಿಸೀವರ್ಟ್ ಮೀರಬಾರದು. ಹೊರಗೆ ಕುಳಿತ ಸಾಮಾನ್ಯ ಪ್ರಜೆಗೆ ವರ್ಷಕ್ಕೆ ೧ ಮಿಲಿಸೀವರ್ಟ್ ಮೀರಬಾರದು. ಇದು ನಿಯಮ.

ನಿಯಮವಿದ್ದರೂ ಅದರ ಆಚರಣೆಯು ಹೇಗಿದ್ದಿತೆಂಬುದಕ್ಕೆ ಸರ್ಕಾರದ ಕಾಗದವೇ ಸಾಕ್ಷಿ. ಭಾರತದ ಮಹಾಲೆಕ್ಕ ಪರಿಶೋಧಕರು ೨೦೧೨ರಲ್ಲಿ ಹೊರಡಿಸಿದ ವರದಿಯ ಪ್ರಕಾರ ದೇಶದಲ್ಲಿದ್ದ ೫೭,೪೪೩ ವೈದ್ಯಕೀಯ ಕ್ಷ-ಕಿರಣ ಸೌಕರ್ಯಗಳ ಪೈಕಿ ೫,೨೭೦ ಮಾತ್ರ ನೋಂದಣಿಯಾಗಿದ್ದುವು. ಉಳಿದ ೫೨,೧೭೩, ಎಂದರೆ ನೂರಕ್ಕೆ ೯೧ರಷ್ಟು, ಯಾವ ಕಟ್ಟಳೆಗೂ ಒಳಪಡದೆ ನಡೆಯುತ್ತಿದ್ದುವು. ಪ್ರತಿಯೊಂದು ರಾಜ್ಯದಲ್ಲಿಯೂ ವಿಕಿರಣ ಸುರಕ್ಷತೆಯ ನಿರ್ದೇಶನಾಲಯವನ್ನು ಸ್ಥಾಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೦೧ರಲ್ಲಿಯೇ ಆದೇಶಿಸಿದ್ದಿತು. ಹನ್ನೊಂದು ವರ್ಷಗಳು ಕಳೆದ ಮೇಲೆ ಆ ವರದಿಯ ಹೊತ್ತಿಗೆ ಕೇರಳ ಮತ್ತು ಮಿಜೋರಾಂ ರಾಜ್ಯಗಳು ಮಾತ್ರ ಅದನ್ನು ನೆರವೇರಿಸಿದ್ದುವು. ನಮ್ಮ ಕರ್ನಾಟಕವು ಆ ಪಟ್ಟಿಯಲ್ಲಿರಲಿಲ್ಲವೆಂಬುದನ್ನು ನಾವು ನಾಚಿಕೆಯಿಂದಲೇ ಬರೆಯಬೇಕಾಗಿದೆ. ಅನಂತರ ಅಂತರ್ಜಾಲದ ಮೂಲಕವೇ ಅರ್ಜಿಯನ್ನು ಸ್ವೀಕರಿಸುವ ‘ಇ-ಲೋರಾ’ ಎಂಬ ಏರ್ಪಾಡು ಬಂದು ನೋಂದಣಿಯಾದ ಯಂತ್ರಗಳ ಸಂಖ್ಯೆಯು ಬಹುವಾಗಿ ಏರಿತು. ಇದಕ್ಕಾಗಿ ಮಂಡಲಿಯವರನ್ನು ಅಭಿನಂದಿಸುವುದು ನ್ಯಾಯ.

ಆದರೆ ಅನುಮತಿಯನ್ನು ಪಡೆಯುವುದು ಅರ್ಧ ಕೆಲಸ. ಉಳಿಸಿಕೊಳ್ಳುವುದು ಇನ್ನರ್ಧ, ನಮ್ಮ ಅಭಿಪ್ರಾಯದಲ್ಲಿ ಅದೇ ಹೆಚ್ಚಿನದು. ಅನುಮತಿಯ ಅವಧಿಯು ಸಾಮಾನ್ಯವಾಗಿ ೫ ವರ್ಷ. ಈ ಅವಧಿಯಲ್ಲಿ ಎರಡು ವರ್ಷಗಳಿಗೊಮ್ಮೆ ಯಂತ್ರದ ಗುಣಪರೀಕ್ಷೆಯಾಗಬೇಕು, ಬಿಲ್ಲೆಗಳು ತಪ್ಪದೆ ಹೋಗಿಬರಬೇಕು, ಸುರಕ್ಷತೆಯ ವರದಿಯು ಕಾಲಕಾಲಕ್ಕೆ ಸಲ್ಲಬೇಕು. ಅನುಮತಿಯು ಒಂದೇ ದಿನದಲ್ಲಿ ರದ್ದಾಗುವುದು ಅಪರೂಪ. ಅದು ಸವೆಯುತ್ತ ಹೋಗುತ್ತದೆ. ಸುರಕ್ಷತಾಧಿಕಾರಿಯೆಂದು ಹೆಸರು ಕೊಟ್ಟವನಿಗೆ ವರ್ಗವಾಗುತ್ತದೆ. ಅವನ ಸ್ಥಾನಕ್ಕೆ ಇನ್ನೊಬ್ಬನ ಹೆಸರನ್ನು ಕಳುಹಿಸುವುದು ಯಾರಿಗೂ ನೆನಪಾಗುವುದಿಲ್ಲ. ಬಿಲ್ಲೆಯು ಮೇಜಿನ ಖಾನೆಯಲ್ಲಿ ಭದ್ರವಾಗಿ ಮಲಗಿರುತ್ತದೆ. ಮೂರು ತಿಂಗಳ ತರುವಾಯ ‘ಕಿರಣವೇ ತಗಲಿಲ್ಲ’ ಎಂಬ ಸಮಾಧಾನದ ಉತ್ತರವು ಬರುತ್ತದೆ. ಸೀಸದ ಮೇಲಂಗಿಯನ್ನು ತೂಗುಹಾಕುವ ಬದಲು ಮಡಿಸಿಡುತ್ತಾರೆ. ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಹೊರಗಿನಿಂದ ನೋಡಿದರೆ ಅದು ಕಾಣಿಸದು. ಯಂತ್ರವನ್ನು ಪಕ್ಕದ ಕೋಣೆಗೆ ಸಾಗಿಸಿದಾಗ, ಆ ಕೋಣೆಯ ನಕ್ಷೆಗೆ ಒಪ್ಪಿಗೆಯಿದೆಯೇ ಎಂದು ಕೇಳುವವರಿಲ್ಲ. ಸೆಖೆಯ ದಿನಗಳಲ್ಲಿ ಬಾಗಿಲು ತೆರೆದೇ ಇರುತ್ತದೆ. ಇಷ್ಟೆಲ್ಲ ಆದರೂ ಅನುಮತಿಪತ್ರವು ಚೌಕಟ್ಟಿನೊಳಗೆ ಗೋಡೆಯ ಮೇಲೆ ನಗುತ್ತಲೇ ಇರುತ್ತದೆ. ಈ ಮಾತುಗಳನ್ನು ಗುಬ್ಬಿಯ ಅಥವಾ ಕುಣಿಗಲಿನ ಯಾವ ಒಂದು ಆಸ್ಪತ್ರೆಯನ್ನೂ ಉದ್ದೇಶಿಸಿ ನಾವು ಆಡುತ್ತಿಲ್ಲ. ದೂರದ ಮೇಲ್ವಿಚಾರಣೆಯಲ್ಲಿ ನಡೆಯುವ ಎಲ್ಲ ಚಿಕ್ಕ ಊರುಗಳಿಗೂ ಸಹಜವಾದ ಅಪಾಯವನ್ನು ಹೇಳುತ್ತಿದ್ದೇವೆ.

ಉಪಯೋಗ ಮುಗಿದ ಸಾಮಗ್ರಿಯನ್ನು ಅಲಕ್ಷ್ಯ ಮಾಡಿದರೆ ಏನಾಗುವುದೆಂಬುದಕ್ಕೆ ರಾಜಧಾನಿಯ ಒಂದು ನಿದರ್ಶನ ಸಾಕು. ದೆಹಲಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಬಹುಕಾಲದಿಂದ ಬಳಕೆಯಿಲ್ಲದೆ ಬಿದ್ದಿದ್ದ ಕೋಬಾಲ್ಟ್-೬೦ ಉಪಕರಣವೊಂದನ್ನು ೨೦೧೦ರಲ್ಲಿ ಹಳೆಯ ಸಾಮಾನಿನೊಡನೆ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿ ಅಂಗಡಿಗಳಿಗೆ ಹೋಯಿತು. ಅಲ್ಲಿ ಅದನ್ನು ಬಿಚ್ಚಿದರು. ಒಬ್ಬನು ಸತ್ತನು, ಹಲವರು ಸುಟ್ಟ ಗಾಯಗಳಿಂದಲೂ ವ್ಯಾಧಿಯಿಂದಲೂ ನರಳಿದರು. ಕ್ಷ-ಕಿರಣ ಯಂತ್ರವು ವಿದ್ಯುತ್ತು ನಿಂತೊಡನೆ ಕಿರಣ ಸೂಸುವುದನ್ನು ನಿಲ್ಲಿಸುತ್ತದೆ. ಕೋಬಾಲ್ಟು ಹಾಗಲ್ಲ, ಅದು ಯಾರ ಅಪ್ಪಣೆಗೂ ಕಾಯದೆ ಹಗಲಿರುಳೂ ಸೂಸುತ್ತಲೇ ಇರುತ್ತದೆ. ಈ ಭೇದವನ್ನು ಮರೆಯಬಾರದು. ಆದರೆ ಎರಡಕ್ಕೂ ಸಮಾನವಾದ ನೀತಿಯೊಂದುಂಟು: ಯಂತ್ರವನ್ನು ಕೊಳ್ಳುವಾಗ ಹೇಗೋ ಹಾಗೆಯೇ ಮಾರುವಾಗಲೂ ತ್ಯಜಿಸುವಾಗಲೂ ಮಂಡಲಿಗೆ ತಿಳಿಸಲೇಬೇಕು. ತುಮಕೂರಿನ ಸುತ್ತ ಕಾರ್ಖಾನೆಗಳು ಬೆಳೆಯುತ್ತಿರುವ ಈ ದಿನಗಳಲ್ಲಿ, ಲೋಹದ ಬೆಸುಗೆಯನ್ನು ಕಿರಣದಿಂದ ಪರೀಕ್ಷಿಸುವ ಕೆಲಸವನ್ನು ಕೈಗೊಳ್ಳುವ ಉದ್ಯಮಿಗಳು ಈ ಪಾಠವನ್ನು ವಿಶೇಷವಾಗಿ ಕಲಿಯತಕ್ಕದ್ದು.

ಇದನ್ನು ಓದಿ ಭಯಪಟ್ಟು ಯಾರೂ ಅವಶ್ಯವಾದ ಚಿತ್ರವನ್ನು ತೆಗೆಸದೆ ಇರಬಾರದು. ಭೂಮಿ ಆಕಾಶಗಳಿಂದ ಮನುಷ್ಯನಿಗೆ ಸಹಜವಾಗಿ ಬರುವ ವಿಕಿರಣವೇ ಪ್ರಪಂಚದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು ೨.೪ ಮಿಲಿಸೀವರ್ಟ್. ಎದೆಯ ಒಂದು ಚಿತ್ರದಿಂದ ಬರುವುದು ೦.೧ಕ್ಕಿಂತಲೂ ಕಡಿಮೆ. ಹೊಟ್ಟೆಯ ಸಿ.ಟಿ. ಚಿತ್ರದಲ್ಲಾದರೋ ಅದು ಸುಮಾರು ೮ರಿಂದ ೧೦. ಆದುದರಿಂದ ವೈದ್ಯನು ಬೇಕೆಂದಾಗ ತೆಗೆಸುವುದು ವಿವೇಕ. ವೈದ್ಯನು ಬೇಡವೆಂದರೂ ಹಟಹಿಡಿದು ‘ಸಿ.ಟಿ. ಮಾಡಿಸಿಬಿಡಿ’ ಎನ್ನುವುದು ಅವಿವೇಕ. ರೋಗಿಗೆ ಚಿತ್ರವು ವರ್ಷಕ್ಕೆ ಒಂದೋ ಎರಡೋ. ನಿಜವಾದ ಅಪಾಯವಿರುವುದು ದಿನಕ್ಕೆ ಹಲವಾರು ಚಿತ್ರಗಳನ್ನು ತೆಗೆಯುವ ಕೆಲಸಗಾರನಿಗೆ. ಅಲ್ಪ ಸಂಬಳದಲ್ಲಿ, ಕೆಲವು ವೇಳೆ ಗುತ್ತಿಗೆಯ ಮೇಲೆ, ರಾತ್ರಿಯ ಪಾಳಿಯಲ್ಲಿ ದುಡಿಯುವ ಆ ತರುಣನ ಪರವಾಗಿ ಮಾತನಾಡುವವರು ಯಾರು? ಅಳುವ ಮಗುವನ್ನು ಹಿಡಿದುಕೊಳ್ಳಲು ತಾಯಿಯೊಬ್ಬಳು ಒಳಗೆ ಬಂದಾಗ ಅವಳಿಗೊಂದು ಸೀಸದ ಅಂಗಿಯನ್ನು ಕೊಡುವುದು, ‘ನೀವು ಗರ್ಭಿಣಿಯೇ?’ ಎಂದು ಮೊದಲು ಕೇಳುವುದು, ತಾನು ತಡಿಕೆಯ ಹಿಂದೆ ನಿಲ್ಲುವುದು, ಇವೆಲ್ಲ ಅವನ ಅಭ್ಯಾಸದಲ್ಲಿ ಬಂದಿದ್ದರೆ ಮಾತ್ರ ಲೈಸನ್ಸು ಜೀವಂತವಾಗಿದೆಯೆಂದು ಅರ್ಥ. ಕಿರಣದ ಮೂಲದಿಂದ ದೂರವು ಎರಡರಷ್ಟಾದರೆ ಅದರ ತೀಕ್ಷ್ಣತೆಯು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡು ಹೆಜ್ಜೆ ಹಿಂದಕ್ಕೆ ಸರಿಯುವುದಕ್ಕೆ ಕಾಸು ಖರ್ಚಿಲ್ಲ. ಆದರೆ ಅದನ್ನು ಹೇಳಿಕೊಡುವವರು ಬೇಕು.

ಸಣ್ಣ ಊರಿನ ವೈದ್ಯರು ಒಂದು ಆಕ್ಷೇಪವನ್ನು ಎತ್ತುವುದುಂಟು. ಕಟ್ಟಳೆಯೆಂದರೆ ಖರ್ಚು, ಖರ್ಚೆಂದರೆ ರೋಗಿಯ ಮೇಲೆ ಹೊರೆ, ಅರ್ಜಿಯ ಭಾಷೆ ಇಂಗ್ಲಿಷು, ಗುಣಪರೀಕ್ಷೆ ಮಾಡುವವರು ದೊಡ್ಡ ನಗರದಿಂದ ಬರಬೇಕು ಎಂಬುದು ಅವರ ಮಾತು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಹಾಗೆಂದು ಕಟ್ಟಳೆಯನ್ನು ಸಡಿಲಿಸುವುದು ಪರಿಹಾರವಲ್ಲ. ಕಟ್ಟಳೆಯನ್ನು ಪಾಲಿಸುವ ಸಾಧನಗಳನ್ನು ಹತ್ತಿರಕ್ಕೆ ತರುವುದೇ ಪರಿಹಾರ. ಗುಬ್ಬಿಯ ಪ್ರಜೆಯ ಮೈಯು ಮುಂಬಯಿಯ ಪ್ರಜೆಯ ಮೈಗಿಂತ ಅಗ್ಗವಲ್ಲ.

ಆದಕಾರಣ ನಾವು ಸೂಚಿಸುವುದಿಷ್ಟು. ಮೊದಲನೆಯದಾಗಿ, ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಿಗೆಲ್ಲ ಸೇರಿ ತುಮಕೂರಿನಲ್ಲಿ ವಿಕಿರಣಶಾಸ್ತ್ರ ಬಲ್ಲ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಅವನು ತಿಂಗಳಿಗೊಮ್ಮೆಯಾದರೂ ಗುಬ್ಬಿ, ಕುಣಿಗಲ್ ಮೊದಲಾದ ತಾಲ್ಲೂಕುಗಳಿಗೆ ಹೋಗಿ ಬಿಲ್ಲೆ, ಮೇಲಂಗಿ, ಬಾಗಿಲು, ದಾಖಲೆಗಳನ್ನು ನೋಡಿ ಬರಲಿ. ಎರಡು ಊರುಗಳೂ ಹೋಗಿ ಅದೇ ದಿನ ಹಿಂದಿರುಗುವಷ್ಟು ಸಮೀಪದಲ್ಲಿವೆ. ಎರಡನೆಯದಾಗಿ, ಯಂತ್ರವನ್ನು ಕೊಳ್ಳಲು ಹಣ ಮಂಜೂರು ಮಾಡುವಾಗಲೇ ಅದರ ಗುಣಪರೀಕ್ಷೆಗೂ ಬಿಲ್ಲೆಗಳಿಗೂ ವರ್ಷವರ್ಷದ ಹಣವನ್ನು ಪ್ರತ್ಯೇಕವಾಗಿ ಕಾದಿರಿಸಬೇಕು. ಮೂರನೆಯದಾಗಿ, ಸುರಕ್ಷತಾಧಿಕಾರಿಯನ್ನು ವರ್ಗ ಮಾಡುವ ಆಜ್ಞೆಯಲ್ಲಿಯೇ ಅವನ ಸ್ಥಾನಕ್ಕೆ ಬರುವವನ ಹೆಸರೂ ಇರಬೇಕು. ನಾಲ್ಕನೆಯದಾಗಿ, ಅನುಮತಿಯ ಅವಧಿಯು ಯಾವ ದಿನ ಮುಗಿಯುವುದೆಂಬುದನ್ನೂ, ಗರ್ಭಿಣಿಯರು ಮೊದಲು ತಿಳಿಸಬೇಕೆಂಬ ಎಚ್ಚರಿಕೆಯನ್ನೂ ಬಾಗಿಲಿನ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಿಸಬೇಕು. ಓದಲು ಬಾರದ ಭಾಷೆಯಲ್ಲಿ ಬರೆದ ಎಚ್ಚರಿಕೆಯು ಎಚ್ಚರಿಕೆಯಲ್ಲ.

ಮಹಾಜನರ ಪಾಲಿನ ಕೆಲಸವೂ ಉಂಟು. ನೆಲದ ದಸ್ತಾವೇಜನ್ನು ಓದಿನೋಡದೆ ರುಜು ಹಾಕದ ನಮ್ಮ ಪಟ್ಟಣಿಗರು ಮಗುವನ್ನು ಕ್ಷ-ಕಿರಣದ ಕೋಣೆಗೆ ಕಳುಹಿಸುವಾಗ ಮೂರು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಕಾಗಿಲ್ಲ: ಅನುಮತಿಯ ಅವಧಿ ಇದೆಯೇ? ಯಂತ್ರದ ಪರೀಕ್ಷೆಯು ಕಡೆಯ ಬಾರಿ ಯಾವಾಗ ಆಯಿತು? ಮಗುವಿನ ಜತೆಗಿರುವವರಿಗೆ ಸೀಸದ ಅಂಗಿ ಇದೆಯೇ? ವಿನಯದಿಂದ ಕೇಳಿದ ಪ್ರಶ್ನೆಯಿಂದ ಒಳ್ಳೆಯ ವೈದ್ಯನಿಗೆ ಅವಮಾನವಾಗದು. ಕೇಳುವವರಿದ್ದಾರೆಂದು ತಿಳಿದ ಕಡೆ ಬಿಲ್ಲೆಯು ಖಾನೆಯಿಂದ ಎದೆಯ ಮೇಲಕ್ಕೆ ತಾನಾಗಿಯೇ ಬರುತ್ತದೆ.

ಜಿಲ್ಲೆಯ ಆರೋಗ್ಯಾಧಿಕಾರಿಗಳೂ ಜಿಲ್ಲಾಡಳಿತವೂ ಈ ಸೂಚನೆಗಳನ್ನು ಪರಿಶೀಲಿಸುವರೆಂದು ನಾವು ನಂಬಿದ್ದೇವೆ. ಗೋಡೆಯ ಮೇಲಿನ ಪತ್ರಕ್ಕೂ ಕೋಣೆಯೊಳಗಿನ ನಡವಳಿಕೆಗೂ ಅಂತರವಿಲ್ಲದಂತೆ ನೋಡಿಕೊಳ್ಳುವುದು ಅವರ ಕರ್ತವ್ಯ. ಇನ್ನೊಂದು ವರದಿಯು ಬಂದು ನಮ್ಮನ್ನು ನಾಚಿಸುವುದಕ್ಕೆ ಮೊದಲೇ ಆ ಕರ್ತವ್ಯವು ನೆರವೇರಲಿ.