ದುಡ್ಡು ಸಾಲಲಿಲ್ವಾ, ಅಮ್ಮಿ?

ನನ್ನ ಹಿರಿಯ ಮಗಳಿಗೆ ಆಗ ಐದು ವರ್ಷ. ಅಮ್ಮಿಯ ಹೊಟ್ಟೆ ಯಾಕೆ ದಪ್ಪಗಾಗಿದೆ ಎಂದು ಕೇಳಿದಳು. 'ಅನ್ನ ಜಾಸ್ತಿ ತಿಂದಿದ್ದಾಳೆ' ಎಂದೆವು. ಮತ್ತೆ ಪಾಪು ಎಲ್ಲಿಂದ ಬರುತ್ತದೆ ಎಂದಳು. 'ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ತರುತ್ತೇವೆ' ಎಂದೆವು. ಏಳನೇ ತಿಂಗಳಲ್ಲಿ ಮಗು ಹೊಟ್ಟೆಯೊಳಗೇ ತೀರಿಕೊಂಡಿತು. ಬರಿಗೈಯಲ್ಲಿ ಮನೆಗೆ ಬಂದ ತಾಯಿಯನ್ನು ಅವಳು ಕೇಳಿದ್ದು ಒಂದೇ ಮಾತು: 'ದುಡ್ಡು ಸಾಲಲಿಲ್ವಾ, ಅಮ್ಮಿ?' ಆಮೇಲೆ ತನ್ನ ಮಣ್ಣಿನ ಹುಂಡಿ ತಂದು ಆಕೆಯ ಮಡಿಲಲ್ಲಿಟ್ಟಳು.

ಅಂದಿನಿಂದ ಈ ಸುಳ್ಳನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಇದನ್ನು 'ಹಯಾ' ಎಂದು ಸಮರ್ಥಿಸುವ ಹಿರಿಯರಿದ್ದಾರೆ. ಅವರಿಗೆ ನನ್ನ ಪ್ರಶ್ನೆ: ನಮ್ಮ ಮಕ್ಕಳು ಮದ್ರಸದಲ್ಲಿ ಬಾಯಿಪಾಠ ಮಾಡುವ 'ಅಲಕ್' ಸೂರಾ ಆರಂಭದಲ್ಲೇ ಮನುಷ್ಯ ಯಾವುದರಿಂದ ಆದ ಎಂದು ಹೇಳುವುದಿಲ್ಲವೇ? 'ಮುಅ್‌ಮಿನೂನ್' ಸೂರಾ ಗರ್ಭದೊಳಗಿನ ಹಂತಗಳನ್ನು ಒಂದೊಂದಾಗಿ ಎಣಿಸುವುದಿಲ್ಲವೇ? ಅರಬಿಯಲ್ಲಿ ಗರ್ಭಕೋಶಕ್ಕೆ 'ರಹಿಮ್' ಎನ್ನುತ್ತಾರೆ. ನಾವು ದಿನವೂ ಉಚ್ಚರಿಸುವ ರಹ್ಮಾನ್, ರಹೀಮ್ ಎಂಬ ಹೆಸರುಗಳೂ ಅದೇ ಧಾತುವಿನವು. ಅಲ್ಲಾಹನ ಗ್ರಂಥಕ್ಕಿಲ್ಲದ ನಾಚಿಕೆ ನಮಗೆಲ್ಲಿಂದ ಬಂತು?

ನೆರೆಮನೆಯ ಹಿಂದೂ ಗೆಳೆಯರೂ ಈ ವಿಷಯದಲ್ಲಿ ನಮಗಿಂತ ಭಿನ್ನರಲ್ಲ. ಸೀಮಂತಕ್ಕೆ ಹಸಿರು ಬಳೆ ತೊಡಿಸಿ ಬೀದಿಗೆಲ್ಲ ಊಟ ಹಾಕುತ್ತಾರೆ. ಊರಿಗೆಲ್ಲ ತಿಳಿದದ್ದು ಮನೆಯ ಮಗುವಿಗೆ ಮಾತ್ರ ಗುಟ್ಟು!

ಆದರೂ ಒಂದು ಪ್ರಶ್ನೆಯನ್ನು ಮಾತ್ರ ಮಗುವಿಗೆ ತಪ್ಪದೆ ಕೇಳುತ್ತೇವೆ: 'ತಮ್ಮನೋ, ತಂಗಿಯೋ?' 'ತಮ್ಮ' ಎಂದರೆ ಕೈಗೆ ಮಿಠಾಯಿ, 'ತಂಗಿ' ಎಂದರೆ ದೊಡ್ಡವರ ಸಪ್ಪೆ ಮುಖ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿತು. ನಾವೋ ಮಗುವಿನ ನಾಲಗೆಯನ್ನೇ ಸ್ಕ್ಯಾನಿಂಗ್ ಯಂತ್ರ ಮಾಡಿಕೊಂಡೆವು. ಉತ್ತರ ಕೊಡುವವಳು ಹುಡುಗಿಯಾದರೆ ತನ್ನ ಬೆಲೆ ಎಷ್ಟೆಂಬುದು ಅವಳಿಗೆ ಅಲ್ಲೇ ತಿಳಿದುಹೋಗುತ್ತದೆ.

ಐದು ವರ್ಷದ ಮಗುವಿಗೆ ವೈದ್ಯಶಾಸ್ತ್ರ ಬೋಧಿಸಬೇಕಿಲ್ಲ. ಅನ್ನ ಹೋಗುವ ಹೊಟ್ಟೆ ಬೇರೆ, ಪಾಪು ಬೆಳೆಯುವ ಗರ್ಭಕೋಶ ಬೇರೆ ಎನ್ನಿ. ಪಾಪುವಿಗೆ ಬಳ್ಳಿಯ ಮೂಲಕ ಆಹಾರ ಸಿಗುತ್ತದೆ, ನಿನ್ನ ಹೊಕ್ಕುಳು ಅದರದೇ ಗುರುತು ಎನ್ನಿ. ಅದು ಬೆಳೆಯಲು ಸುಮಾರು 40 ವಾರ ಬೇಕು. ಆರನೇ ತಿಂಗಳ ಹೊತ್ತಿಗೆ ಹೊರಗಿನ ಸದ್ದು ಅದಕ್ಕೆ ಕೇಳತೊಡಗುತ್ತದೆ, ನೀನೂ ಮಾತಾಡಿಸು ಎನ್ನಿ. ಹೇಗೆ ಹೊರಬರುತ್ತದೆ ಎಂದು ಕೇಳಿದರೆ, ಅದಕ್ಕೆಂದೇ ತಾಯಿಯ ದೇಹದಲ್ಲಿ ದಾರಿಯಿದೆ, ಕೆಲವೊಮ್ಮೆ ಡಾಕ್ಟರು ಹೊಟ್ಟೆ ಕೊಯ್ದು ತೆಗೆಯುತ್ತಾರೆ ಎನ್ನಿ. ಮಗು ಕೇಳಿದಷ್ಟಕ್ಕೆ ಉತ್ತರ ಕೊಟ್ಟರೆ ಸಾಕು. ಅಕಸ್ಮಾತ್ ಪಾಪು ಉಳಿಯದಿದ್ದರೆ ಅದನ್ನೂ ಹೇಳಿ. 'ಇದರಲ್ಲಿ ನಿನ್ನ ತಪ್ಪೇನೂ ಇಲ್ಲ' ಎಂಬ ಮಾತನ್ನು ಮರೆಯದೆ ಸೇರಿಸಿ.

ಎರಡು ವರ್ಷದ ಮೇಲೆ ಹೆಂಡತಿ ಮತ್ತೆ ಬಸುರಾದಾಗ ಮಗಳನ್ನು ಕೂರಿಸಿಕೊಂಡು ನಿಜ ಹೇಳಿದೆವು. ಅವಳು ನಾಚಲಿಲ್ಲ, ಹೆದರಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: 'ಹಾಗಾದ್ರೆ ಆವತ್ತು ನನಗ್ಯಾಕೆ ಸುಳ್ಳು ಹೇಳಿದ್ರಿ?'

ಹಯಾದ ಮಾತಾಡುವವರಲ್ಲಿ ಇದಕ್ಕೆ ಉತ್ತರವಿದ್ದರೆ ಕೊಡಲಿ. ನನ್ನಲ್ಲಿ ಇರಲಿಲ್ಲ.