ಮತಾಂತರ ಬಿಡ್ರಿ, ಮಾನಸಾಂತರದ ಮಾತಾಡೋಣ

ನಾವು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು. ಹಾಸ್ಟೆಲಿನಲ್ಲಿ ನಮ್ಮದು ಒಂದೇ ಸಾಲಿನ ರೂಮುಗಳು. ಮನೆಯಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಂಚಿ ತಿನ್ನುವಾಗ ಕಬ್ಬಿನ ಬಿಲ್ಲು, ಮಗ್ಗದ ಕೂಲಿ, ಆಲಮಟ್ಟಿ ಹಿನ್ನೀರಿಗೆ ಹೋದ ಹೊಲ ಎಲ್ಲವೂ ಮಾತಿಗೆ ಬರುತ್ತವೆ. ಧರ್ಮವೂ ಬರುತ್ತದೆ. ಕ್ರೈಸ್ತ ಧರ್ಮ ಅಂದ ತಕ್ಷಣ ಮಾತ್ರ ನಮ್ಮಲ್ಲಿ ಒಂದೇ ಪ್ರಶ್ನೆ: "ಯಾರರೆ ಮತಾಂತರ ಆದ್ರೇನಲೇ?" ಅದರಾಚೆ ನಾವು ಏನನ್ನೂ ಕೇಳಿದವರಲ್ಲ.

ಕಳೆದ ಸೆಮಿಸ್ಟರಿನಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಭಾನುವಾರ ತಪ್ಪದೇ ಚರ್ಚಿಗೆ ಹೋಗುವ ಗೆಳೆಯನೊಬ್ಬ ನಮ್ಮ ಸಾಲಿನಲ್ಲೇ ಇದ್ದಾನೆ. ಇಂಟರ್ನಲ್ಸ್ ಪೇಪರಿನಲ್ಲಿ ಕೂಡಿಸುವಾಗ ತಪ್ಪಾಗಿ ಅವನಿಗೆ 4 ಅಂಕ ಹೆಚ್ಚು ಬಿದ್ದಿದ್ದವು. ಅವನೇ ಹೋಗಿ ತೋರಿಸಿ ಕಡಿಮೆ ಮಾಡಿಸಿಕೊಂಡು ಬಂದ. "ಹುಚ್ಚ ಅದೀಯೇನಲೇ?" ಅಂತ ನಕ್ಕೆವು. "ನಾಕು ಕಡಿಮಿ ಬಿದ್ದಿದ್ರ ಓಡಿ ಹೋಗ್ತಿದ್ದೆ. ಹೆಚ್ಚಿಗಿ ಬಿದ್ದಾಗ ಸುಮ್ನ ಕುಂತ್ರ, ಭಾನುವಾರ ಯಾವ ಮುಖಾ ಇಟ್ಕೊಂಡು ಹೋಗ್ಲಿ?" ಅಂದ. ಅವತ್ತು ಬೆಳಿಗ್ಗೆ ನಮ್ಮಲ್ಲಿ ಮೂವರು ಪ್ರಾಕ್ಸಿ ಹಾಕಿಸಿದ್ದೆವು. ನಗು ಬಹಳ ಹೊತ್ತು ಉಳಿಯಲಿಲ್ಲ.

ಕನ್ನಡ ಕ್ರೈಸ್ತರಲ್ಲಿ 'ಮಾನಸಾಂತರ' ಅನ್ನೋ ಪದ ಇದೆ. ಗ್ರೀಕಿನ 'ಮೆಟನೋಯಾ' ಪದದ ಅರ್ಥವೂ ಮನಸ್ಸಿನ ಬದಲಾವಣೆಯೇ. ಲೂಕನ ಸುವಾರ್ತೆಯಲ್ಲಿ ಜಕ್ಕಾಯ ಎಂಬ ಸುಂಕದ ಅಧಿಕಾರಿಯ ಕತೆ ಬರುತ್ತದೆ. ಯೇಸು ಅವನ ಮನೆಗೆ ಬಂದಾಗ ಅವನು ದೊಡ್ಡ ಪ್ರಾರ್ಥನೆಯನ್ನೇನೂ ಮಾಡುವುದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟು ವಾಪಸ್ ಅನ್ನುತ್ತಾನೆ. ಬದಲಾವಣೆ ಕಂಡದ್ದು ಲೆಕ್ಕದ ಪುಸ್ತಕದಲ್ಲಿ!

ನಮ್ಮ ನಾಡಿನ ಚರಿತ್ರೆಯೂ ಇದಕ್ಕೆ ದೂರವಿಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ನಮ್ಮ ಜಿಲ್ಲೆಯ ಗುಳೇದಗುಡ್ಡಕ್ಕೂ ಬಂತು. ಹೊಸ ನಂಬಿಕೆ ಹಿಡಿದವರಿಗೆ ಎಷ್ಟೋ ಸಲ ಮನೆಯೂ ಹೋಗುತ್ತಿತ್ತು, ಜಾತಿಯ ಕಸುಬೂ ಹೋಗುತ್ತಿತ್ತು. ಅವರಿಗೆ ಅನ್ನದ ದಾರಿ ಬೇಕಿತ್ತು. ಹಾಗಾಗಿ ಮಂಗಳೂರಿನಲ್ಲಿ ಮಿಷನ್ ಮುದ್ರಣಾಲಯ, ನೇಯ್ಗೆ ಕಾರ್ಖಾನೆ, 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ನಂಬಿಕೆ ಅಂದರೆ ಅಲ್ಲಿ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವುದು, ಬೇರೆ ಬೇರೆ ಜಾತಿಯಿಂದ ಬಂದವರ ಪಕ್ಕ ನಿಂತು ದುಡಿಯುವುದು ಎಂದಾಯಿತು. ಮಗ್ಗದ ಸದ್ದಿನಲ್ಲೇ ಬೆಳೆದ ನಮ್ಮ ಬನಹಟ್ಟಿ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಎಲ್ಲವೂ ಚಂದ ಇತ್ತು ಅಂತಲ್ಲ. ಕೆಲಸ ಕೊಡುವವರೂ ಮಿಷನ್ನಿನವರೇ, ಸಭೆ ನಡೆಸುವವರೂ ಅವರೇ ಆದಾಗ, ಯಾರು ನಂಬಿ ಬಂದರು, ಯಾರು ಹೊಟ್ಟೆಪಾಡಿಗೆ ಬಂದರು ಅಂತ ತಿಳಿಯುವುದು ಕಷ್ಟ. ದೀಕ್ಷಾಸ್ನಾನದ ನೀರಿಗೆ ಜಾತಿಯೂ ಪೂರ್ತಿ ತೊಳೆದುಹೋಗಲಿಲ್ಲ. ದಲಿತ ಕ್ರೈಸ್ತರು ಇವತ್ತಿಗೂ ಆ ನೋವು ಹೇಳುತ್ತಾರೆ. ಅಂದರೆ ಮತ ಬದಲಾದರೂ ಮನಸ್ಸು ಬದಲಾಗದೇ ಉಳಿಯಬಹುದು.

"ಪ್ರಾಮಾಣಿಕ ಆಗಾಕ ದೇವ್ರು ಯಾಕ್ ಬೇಕು?" ಅಂತ ನಮ್ಮಲ್ಲೇ ಒಬ್ಬ ವಾದ ಮಾಡಿದ. ಬೇಕಿಲ್ಲ, ಒಪ್ಪುತ್ತೇವೆ. ಆದರೆ ನಮ್ಮಲ್ಲಿ ಬಹಳ ಮಂದಿ ದೇವರನ್ನು ನಂಬುವವರೇ. ಇಷ್ಟಲಿಂಗ ಕಟ್ಟಿಕೊಂಡವರಿದ್ದೇವೆ, ಶುಕ್ರವಾರ ನಮಾಜಿಗೆ ಹೋಗುವವರಿದ್ದೇವೆ, ಪರೀಕ್ಷೆ ದಿನ ಹನಮಪ್ಪಗ ಕಾಯಿ ಒಡೆಯುವವರಿದ್ದೇವೆ. ಆ ನಂಬಿಕೆ ಹಾಜರಿ ಪುಸ್ತಕದ ತನಕ, ಲ್ಯಾಬ್ ರೆಕಾರ್ಡಿನ ತನಕ ಯಾಕೆ ಬರುವುದಿಲ್ಲ? ಗೆಳೆಯನ ಧರ್ಮ ಯಾವುದು ಅಂತ ವಿಚಾರಿಸುವಷ್ಟು ಆಸಕ್ತಿ ನಮ್ಮ ಧರ್ಮ ನಮ್ಮನ್ನು ಏನು ಮಾಡಿದೆ ಅಂತ ನೋಡುವುದರಲ್ಲಿ ಯಾಕಿಲ್ಲ?

ಈ ಸೆಮಿಸ್ಟರ್ ನಮ್ಮ ಸಾಲಿನಲ್ಲಿ ಪ್ರಾಕ್ಸಿ ನಿಲ್ಲಿಸಿದ್ದೇವೆ. ಒಬ್ಬನಿಗೆ ಆಗಲೇ ಹಾಜರಾತಿ ಕಡಿಮೆ ಬಿದ್ದಿದೆ. ನಮ್ಮನ್ನು ಬೈಯುತ್ತಲೇ ಬೆಳಿಗ್ಗೆ ಎದ್ದು ಕ್ಲಾಸಿಗೆ ಹೊರಡುತ್ತಾನೆ. ನಿಮ್ಮ ಸಾಲಿನಲ್ಲೂ ಒಮ್ಮೆ ಮಾತಾಡಿ ನೋಡ್ರಿ.